ಮಡಿಕೇರಿಯ ಅನ್ನ, ಜೋಡುಪಾಲದ ಗುಡ್ಡ: ಭೌತಶಾಸ್ತ್ರದ ಲೆಕ್ಕ ಕನ್ನಡಕ್ಕೆ ಬಂದ ಕಥೆ

(ಇತಿಹಾಸ ಸರಣಿಯ ಆಡಿಯೊ ಸಂಚಿಕೆಯ ಪಠ್ಯರೂಪ)

ಇವತ್ತಿನ ಸಂಚಿಕೆಯನ್ನ ಒಂದು ಪ್ರಶ್ನೆಯಿಂದ ಶುರು ಮಾಡೋಣ. ಮಂಗಳೂರಲ್ಲಿ ನೀರು ಕುದಿಯೋದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದೇ ನೀರನ್ನ ಮಡಿಕೇರಿಗೆ ತಂದು ಒಲೆ ಮೇಲಿಟ್ಟರೆ ಅದಕ್ಕಿಂತ ಕಮ್ಮಿ ಬಿಸಿಗೇ ಕುದಿಯೋಕೆ ಶುರುವಾಗುತ್ತೆ. ಹಾಗಿದ್ರೆ ಮಡಿಕೇರಿಯಲ್ಲಿ ಅನ್ನ ಬೇಗ ಆಗ್ಬೇಕು ತಾನೆ? ಆಗಲ್ಲ. ತೆರೆದ ಪಾತ್ರೆಯಲ್ಲಿಟ್ಟರೆ ಮಂಗಳೂರಿಗಿಂತ ಹೆಚ್ಚೇ ಹೊತ್ತು ತಗೊಳ್ಳುತ್ತೆ. ಯಾಕೆ?

ಒಂದು ನಿಮಿಷ ಯೋಚನೆ ಮಾಡ್ತಿರಿ. ಪಿಯುಸಿಯಲ್ಲಿ ಭೌತಶಾಸ್ತ್ರ ಅಂದ್ರೆ ಓಡಿಹೋಗ್ತಿದ್ದವರೂ ಯೋಚನೆ ಮಾಡಿ. ಇದಕ್ಕೆ ಸೂತ್ರ ಬೇಕಿಲ್ಲ.

ಇವತ್ತಿನ ವಿಷಯ, ಭೌತಶಾಸ್ತ್ರದ ಸಣ್ಣ ಸಣ್ಣ ಲೆಕ್ಕಗಳನ್ನ ನಮ್ಮ ಕಡೆಯ ವಿದ್ಯಾರ್ಥಿಗಳು ಯಾವ ಭಾಷೆಯಲ್ಲಿ ಬಿಡಿಸ್ತಾ ಬಂದರು ಅನ್ನೋದು. ಈ ಕಥೆಯಲ್ಲಿ ಕೊಡಗಿಗೆ ಒಂದು ಮುಖ್ಯ ಜಾಗ ಇದೆ. ಕನ್ನಡದಲ್ಲಿ ವಿಜ್ಞಾನ ಬರೆದವರಲ್ಲಿ ದೊಡ್ಡ ಹೆಸರಾದ ಜಿ.ಟಿ. ನಾರಾಯಣ ರಾವ್ ಹುಟ್ಟಿದ್ದು ಮಡಿಕೇರಿಯಲ್ಲಿ, 1926ರಲ್ಲಿ. ಇನ್ನೊಂದು ಕಾರಣ 2018ರ ಆಗಸ್ಟ್. ಅಲ್ಲಿಗೆ ಕೊನೆಯಲ್ಲಿ ಬರೋಣ.

ಅನ್ನದ ಲೆಕ್ಕ

ಮೊದಲು ಪಾತ್ರೆಗೆ ಉತ್ತರ. ನೀರು ಕುದಿಯೋದು ಅಂದ್ರೆ ಏನು? ನೀರೊಳಗೆ ಹುಟ್ಟುವ ಆವಿಯ ಗುಳ್ಳೆ, ಮೇಲಿನಿಂದ ಒತ್ತುವ ಗಾಳಿಯನ್ನ ತಳ್ಳಿ ನಿಲ್ಲುವಷ್ಟು ಬಲ ಪಡೆಯೋದು. ಸಮುದ್ರದ ಮಟ್ಟದಲ್ಲಿ ಗಾಳಿಯ ಒತ್ತಡ ಹೆಚ್ಚು, ಅದಕ್ಕೆ 100 ಡಿಗ್ರಿ ಬೇಕು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ನೂರಕ್ಕೆ ಹನ್ನೆರಡರಷ್ಟು ಕಮ್ಮಿ. ಗುಳ್ಳೆಗೆ ಕೆಲಸ ಹಗುರ. ಹಾಗಾಗಿ ನೀರು ಬೇಗ ಕುದಿಯುತ್ತೆ.

ಎಷ್ಟು ಬೇಗ? ಒಂದು ಅಂದಾಜು ನೆನಪಿಟ್ಟುಕೊಳ್ಳಿ: ಸುಮಾರು 300 ಮೀಟರ್ ಮೇಲೇರಿದ್ರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತೆ. 1,150ನ್ನ 300ರಿಂದ ಭಾಗಿಸಿ. ಹತ್ತಿರ ಹತ್ತಿರ 4. ಅಂದ್ರೆ ಮಡಿಕೇರಿಯಲ್ಲಿ ನೀರು 96 ಡಿಗ್ರಿಗೆ ಕುದಿಯುತ್ತೆ. ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್ 1,748 ಮೀಟರ್. ಅಲ್ಲಿ ಟೀ ಮಾಡಿದ್ರೆ 94 ಡಿಗ್ರಿ ಆಸುಪಾಸು.

ಈಗ ಅನ್ನ. ಅಕ್ಕಿಗೆ ನೀರು ಕುದೀತಿದೆಯೋ ಇಲ್ವೋ ಅನ್ನೋದು ಮುಖ್ಯ ಅಲ್ಲ, ನೀರು ಎಷ್ಟು ಬಿಸಿ ಇದೆ ಅನ್ನೋದು ಮುಖ್ಯ. ಕುದಿಯೋಕೆ ಶುರುವಾದ ಮೇಲೆ ಎಷ್ಟೇ ಉರಿ ಹಾಕಿದ್ರೂ ತೆರೆದ ಪಾತ್ರೆಯ ನೀರು ಇನ್ನಷ್ಟು ಬಿಸಿ ಆಗಲ್ಲ. ಹೆಚ್ಚಿನ ಶಾಖವೆಲ್ಲ ಆವಿ ಮಾಡೋಕೆ ಖರ್ಚಾಗುತ್ತೆ. ಹಾಗಾಗಿ ಮಡಿಕೇರಿಯ ಅಕ್ಕಿ 96 ಡಿಗ್ರಿಯಲ್ಲೇ ಬೇಯಬೇಕು. ಅದಕ್ಕೇ ತಡ. ಕುಕ್ಕರ್ ಇಟ್ಟರೆ? ಅದರ ವೈಟು ಒಳಗಿನ ಒತ್ತಡವನ್ನ ಹೊರಗಿನದಕ್ಕಿಂತ ಹೆಚ್ಚುಕಮ್ಮಿ ಒಂದು ವಾತಾವರಣದಷ್ಟು ಏರಿಸುತ್ತೆ. ಮಂಗಳೂರಿನ ಕುಕ್ಕರಲ್ಲಿ ನೀರು ಸುಮಾರು 120 ಡಿಗ್ರಿ, ಮಡಿಕೇರಿಯ ಕುಕ್ಕರಲ್ಲಿ ಸುಮಾರು 118. ವ್ಯತ್ಯಾಸ ಹೆಚ್ಚೇನೂ ಉಳಿಯಲ್ಲ.

ಇದೇ ಲೆಕ್ಕವನ್ನ ತಿರುಗಿಸಿ ಹಾಕಿದ್ರೆ ಏನಾಗುತ್ತೆ ನೋಡಿ. ನೀರು ಎಷ್ಟು ಡಿಗ್ರಿಗೆ ಕುದಿಯಿತು ಅಂತ ಗೊತ್ತಾದ್ರೆ ನೀವು ಎಷ್ಟು ಎತ್ತರದಲ್ಲಿದ್ದೀರಿ ಅಂತ ಹೇಳಬಹುದು. 19ನೇ ಶತಮಾನದ ಸರ್ವೆಯವರು, ಬೆಟ್ಟ ಹತ್ತುವವರು ನಿಜವಾಗಿ ಹೀಗೇ ಮಾಡ್ತಿದ್ದರು. ಒಂದು ಸಣ್ಣ ಪಾತ್ರೆ, ಒಂದು ಒಳ್ಳೆ ಥರ್ಮಾಮೀಟರ್ ಹೊತ್ಕೊಂಡು ಹೋಗಿ, ಶಿಖರದ ಮೇಲೆ ನೀರು ಕುದಿಸಿ ಎತ್ತರ ಬರೆದಿಡ್ತಿದ್ದರು.

ಕಾಲೇಜು ಇಲ್ಲದ ಕೊಡಗು

ಈಗ ಇತಿಹಾಸ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನ ಕೆಳಗಿಳಿಸಿ ಕೊಡಗನ್ನ ತಮ್ಮ ಕೈಗೆ ತಗೊಂಡರು. ಹಾಲೇರಿ ರಾಜರ ಕಾಲದಿಂದಲೂ ಅರಮನೆಯ ಕಾಗದಪತ್ರದ ಭಾಷೆ ಕನ್ನಡ. ಮನೆಯೊಳಗೆ ಮಾತ್ರ ಬೇರೆ ಬೇರೆ: ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಎರವರ ಮತ್ತು ಕುರುಬರ ನುಡಿಗಳು. ಇದನ್ನ ನೆನಪಲ್ಲಿಡಿ, ಯಾಕಂದ್ರೆ ಕೊಡಗಿನ ಎಷ್ಟೋ ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಕಲಿಯೋ ಎರಡನೇ ಭಾಷೆ. ಅದರ ಮೇಲೆ ಇಂಗ್ಲಿಷು ಮೂರನೆಯದು.

ಮಡಿಕೇರಿಯಲ್ಲಿ ಸರ್ಕಾರಿ ಸೆಂಟ್ರಲ್ ಸ್ಕೂಲ್ ಇತ್ತು. ಅದರ ಪ್ರಿನ್ಸಿಪಾಲರಾಗಿದ್ದ ಜರ್ಮನ್ ಪಾದ್ರಿ ಜಿ. ರಿಕ್ಟರ್ 1870ರಲ್ಲಿ ಕೊಡಗಿನ ಬಗ್ಗೆ ಒಂದು ಕೈಪಿಡಿ ಬರೆದರು, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯ್ತು. ನೆಲ, ಹೊಳೆ, ಜನ ಎಲ್ಲದರ ವಿವರ ಅದರಲ್ಲಿದೆ, ಆದರೆ ಇಂಗ್ಲಿಷಿನಲ್ಲಿ. ಕೊಡಗನ್ನ ಅಳೆದು ಬರೆದ ಪುಸ್ತಕ ಕೊಡಗಿನ ಹುಡುಗರ ಮನೆಮಾತಲ್ಲೂ ಇರಲಿಲ್ಲ, ಶಾಲೆಯಲ್ಲಿ ಕಲಿತ ಕನ್ನಡದಲ್ಲೂ ಇರಲಿಲ್ಲ.

ಹೈಸ್ಕೂಲಿನ ಮೇಲೆ ಓದಬೇಕು ಅಂದ್ರೆ ಘಾಟಿ ಇಳಿಯಲೇಬೇಕಿತ್ತು. ಮುಂದೆ ಭಾರತದ ಮೊದಲ ಭಾರತೀಯ ದಂಡನಾಯಕರಾದ ಕೆ.ಎಂ. ಕಾರ್ಯಪ್ಪ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು ಮುಗಿಸಿದ್ದು 1917ರಲ್ಲಿ. ಕಾಲೇಜಿಗೆ ಅವರು ಹೋಗಿದ್ದು ದೂರದ ಮದ್ರಾಸಿಗೆ, ಪ್ರೆಸಿಡೆನ್ಸಿ ಕಾಲೇಜಿಗೆ. ಇವತ್ತು ಅವರ ಹೆಸರನ್ನೇ ಹೊತ್ತಿರುವ ಮಡಿಕೇರಿಯ ಕಾಲೇಜು ಶುರುವಾಗಿದ್ದು 1949ರಲ್ಲಿ. ಅಲ್ಲೀವರೆಗೆ ನ್ಯೂಟನ್ನನ ನಿಯಮ ಕಾಲೇಜು ಮಟ್ಟದಲ್ಲಿ ಕಲಿಯಬೇಕಂದ್ರೆ ಮಂಗಳೂರು, ಮೈಸೂರು, ಮದ್ರಾಸು. ಎಲ್ಲಿಗೆ ಹೋದ್ರೂ ಪಾಠ ಇಂಗ್ಲಿಷಿನಲ್ಲಿ.

ಪಂಪನನ್ನೂ ಓದಿದ ಭೌತಶಾಸ್ತ್ರದ ಮೇಷ್ಟ್ರು

ಕಾರ್ಯಪ್ಪ ಮದ್ರಾಸಿಗೆ ಹೊರಟ ಹೊತ್ತಿಗೇ ಬೆಂಗಳೂರಲ್ಲಿ ಒಬ್ಬ ಮೇಷ್ಟ್ರು ಇದೇ ತೊಂದರೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಹೆಸರು ಬೆಳ್ಳಾವೆ ವೆಂಕಟನಾರಣಪ್ಪ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಕನ್ನಡ ಸಾಹಿತ್ಯ ಪರಿಷತ್ತನ್ನ ಕಟ್ಟಿ ಬೆಳೆಸಿದವರಲ್ಲಿ ಒಬ್ಬರು. ಪಂಪಭಾರತದ ಸಂಪಾದನೆಯ ಕೆಲಸವನ್ನೂ ಹೊತ್ತವರು. ಬೆಳಗ್ಗೆ ಲೋಲಕದ ಪಾಠ, ಸಂಜೆ ಹಳಗನ್ನಡದ ಹಸ್ತಪ್ರತಿ ಅಂತ ಬದುಕಿದ ಮನುಷ್ಯ ಅನ್ನಬಹುದು.

1918ರಲ್ಲಿ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಜೊತೆ ಸೇರಿ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ತಂದರು. ವಿಜ್ಞಾನಕ್ಕೇ ಮೀಸಲಾದ ಪತ್ರಿಕೆ, ಕನ್ನಡದಲ್ಲಿ, ನೂರು ವರ್ಷಕ್ಕೂ ಹಿಂದೆ! ಅದು ಹೆಚ್ಚು ವರ್ಷ ಬಾಳಲಿಲ್ಲ. ಆದರೆ ಒಂದು ವಿಷಯ ಸಾಬೀತಾಯ್ತು: ಶಾಖ, ಬೆಳಕು, ವಿದ್ಯುತ್ತಿನ ಬಗ್ಗೆ ಕನ್ನಡದಲ್ಲಿ ಸರಿಯಾಗಿ ಬರೆಯಬಹುದು.

ಆಮೇಲೆ 1930ರ ದಶಕದಲ್ಲಿ ಕೊಡಗಿನ ಘಾಟಿ ಇಳಿದರೆ ಸಿಗೋ ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದರು, ಮುಂದೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'. ಕಾರಂತರು ಕಾಲೇಜು ಬಿಟ್ಟು ಬಂದವರು, ತಾವೇ ಓದಿ ತಾವೇ ಬರೆದರು.

ಜಿಟಿಎನ್

ಈಗ ಜಿ.ಟಿ. ನಾರಾಯಣ ರಾವ್. ಓದುಗರ ಬಾಯಲ್ಲಿ ಜಿಟಿಎನ್. ಮಡಿಕೇರಿಯಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಗಣಿತದ ಎಂ.ಎ. ಮುಗಿಸಿ, ಗಣಿತದ ಮೇಷ್ಟ್ರಾದರು. ಊರೂರು ವರ್ಗ ಆಗೋ ಸರ್ಕಾರಿ ಕೆಲಸ. ಮಡಿಕೇರಿಯ ಕಾಲೇಜಿನಲ್ಲೂ ಪಾಠ ಮಾಡಿದರು. ಜೊತೆಗೆ ಎನ್‌ಸಿಸಿ ಅಧಿಕಾರಿ. ಹುಡುಗರನ್ನ ಕಟ್ಟಿಕೊಂಡು ಬೆಟ್ಟ ಹತ್ತೋದು, ರಾತ್ರಿ ಬಯಲಲ್ಲಿ ನಿಲ್ಲಿಸಿ ನಕ್ಷತ್ರ ತೋರಿಸೋದು ಅವರ ರೀತಿ. 'ನಕ್ಷತ್ರ ವೀಕ್ಷಣೆ' ಅನ್ನೋ ಪುಸ್ತಕ ಬಂದಿದ್ದು ಇದೇ ಅಭ್ಯಾಸದಿಂದ. ಆತ್ಮಕಥೆಗೆ ಅವರು ಇಟ್ಟ ಹೆಸರು 'ಮುಗಿಯದ ಪಯಣ'.

1969ರ ಹೊತ್ತಿಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ ವಿಜ್ಞಾನ ವಿಭಾಗದ ಸಂಪಾದಕರಾಗಿ ಬಂದರು. ಅಲ್ಲಿ ಕೆಲಸ ಏನು ಅಂತ ಊಹಿಸಿ. ಅಕಾರದಿಂದ ಹಿಡಿದು ಪ್ರತಿಯೊಂದು ವಿಜ್ಞಾನದ ವಿಷಯಕ್ಕೂ ಕನ್ನಡದ ಹೆಸರು ಬೇಕು, ಆ ಹೆಸರು ಮುಂದಿನ ಸಂಪುಟದಲ್ಲೂ ಅದೇ ಆಗಿರಬೇಕು, ಓದಿದವನಿಗೆ ವಿಷಯ ಗೊತ್ತಾಗಬೇಕು. ವರ್ಷಗಟ್ಟಲೆ ಇದೇ ಕೆಲಸ. ಈ ನಡುವೆ 1978ರಲ್ಲಿ ಶಾಲಾ ಮಕ್ಕಳಿಗಾಗಿ 'ಬಾಲವಿಜ್ಞಾನ' ಮಾಸಪತ್ರಿಕೆ ಶುರುವಾಯ್ತು. ಜೆ.ಆರ್. ಲಕ್ಷ್ಮಣರಾವ್ ಅದರ ಸಂಪಾದಕರು. ಮುಂದೆ ಭೌತಶಾಸ್ತ್ರದ ಅಧ್ಯಾಪಕರಾದ ಅಡ್ಯನಡ್ಕ ಕೃಷ್ಣ ಭಟ್ಟರೂ ಅದನ್ನ ನಡೆಸಿದರು. ಬೆಳ್ಳಾವೆಯವರ ಕಾಲದಲ್ಲಿ ಒಬ್ಬಿಬ್ಬರ ಹುಚ್ಚಾಗಿದ್ದದ್ದು ಈಗ ಒಂದು ಬಳಗದ ಕೆಲಸ ಆಗಿತ್ತು.

ಜಿಟಿಎನ್ 2008ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಜವ ಬೇರೆ, ವೇಗ ಬೇರೆ

ಅವರ ಕನ್ನಡದ ಬಗ್ಗೆ ಒಂದು ದೂರು ಇದೆ, ಸಂಸ್ಕೃತ ಜಾಸ್ತಿ ಅಂತ. ನಾವು ಈಗ ಕಪ್ಪುಕುಳಿ ಅನ್ನೋದಕ್ಕೆ ಅವರು ಕೃಷ್ಣವಿವರ ಅಂತಿದ್ದರು. ಶಾಲೆಯ ಪುಸ್ತಕದ ಪದಗಳೂ ಹಾಗೇ. ವೇಗೋತ್ಕರ್ಷ, ಸ್ಥಾನಪಲ್ಲಟ, ಪ್ರಚ್ಛನ್ನ ಶಕ್ತಿ. ಕೇಳಿದ ಕೂಡಲೇ ನಗು ಬರೋದು ಸಹಜ.

ಆದರೆ ಒಂದು ಜೋಡಿ ಪದ ತಗೊಳ್ಳಿ: ಜವ ಮತ್ತು ವೇಗ. ಮಾತಿನಲ್ಲಿ ಎರಡೂ ಒಂದೇ. ಭೌತಶಾಸ್ತ್ರದಲ್ಲಿ ಜವ ಅಂದ್ರೆ ಎಷ್ಟು ಚುರುಕಾಗಿ ಹೋಗ್ತಿದ್ದೀರಿ ಅನ್ನೋದು ಮಾತ್ರ. ವೇಗ ಅಂದ್ರೆ ಯಾವ ದಿಕ್ಕಿಗೆ ಅನ್ನೋದೂ ಸೇರುತ್ತೆ. ಸಂಪಾಜೆಯಿಂದ ಮಡಿಕೇರಿಗೆ ಬೈಕಲ್ಲಿ ಘಾಟಿ ಹತ್ತುತ್ತಾ ಇದ್ದೀರಿ ಅನ್ಕೊಳ್ಳಿ. ಮೀಟರಿನ ಮುಳ್ಳು 30ರಲ್ಲೇ ನಿಂತಿದೆ. ಒಂದು ದೊಡ್ಡ ತಿರುವು ಬಂತು, ಪೂರ್ವಕ್ಕೆ ಹೋಗ್ತಿದ್ದವರು ಪಶ್ಚಿಮಕ್ಕೆ ತಿರುಗಿದ್ರಿ. ಜವ ಬದಲಾಗಿಲ್ಲ. ವೇಗ ಪೂರ್ತಿ ಉಲ್ಟಾ ಆಗಿದೆ. ವೇಗ ಬದಲಾಗಿದೆ ಅಂದ್ರೆ ಯಾವುದೋ ಬಲ ಕೆಲಸ ಮಾಡಿರಲೇಬೇಕು. ಇಲ್ಲಿ ಆ ಬಲ ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಮಳೆ ಬಂದು ರಸ್ತೆ ಜಾರಿದ್ರೆ ಆ ಬಲ ಸಾಲಲ್ಲ, ಬೈಕು ತಿರುವಲ್ಲಿ ತಿರುಗದೆ ನೆಟ್ಟಗೆ ಹೋಗುತ್ತೆ. ಪದ ಕಷ್ಟದ್ದೇ ಇರಲಿ, ಅದು ಹಿಡಿದಿಟ್ಟ ವ್ಯತ್ಯಾಸ ಕೈಕಾಲು ಉಳಿಸುವಂಥದ್ದು.

1945ರಲ್ಲಿ ಜಾರ್ಜ್ ಪೋಲ್ಯ ಅನ್ನೋ ಗಣಿತಜ್ಞ ಲೆಕ್ಕ ಬಿಡಿಸೋದು ಹೇಗೆ ಅಂತಲೇ ಒಂದು ಪುಸ್ತಕ ಬರೆದರು. ಅವರ ಪ್ರಕಾರ ನಾಲ್ಕು ಹಂತ: ಲೆಕ್ಕ ಅರ್ಥ ಮಾಡ್ಕೊ, ದಾರಿ ಯೋಚಿಸು, ಆ ದಾರಿಯಲ್ಲಿ ನಡಿ, ಕೊನೆಗೆ ಹಿಂದಿರುಗಿ ನೋಡು. ಲೆಕ್ಕ ಅರ್ಥ ಆಯ್ತಾ ಅಂತ ನೋಡೋಕೆ ವಿದ್ಯಾರ್ಥಿಗೆ ಕೇಳಬಹುದಾದ ಒಂದು ಪ್ರಶ್ನೆ, ಈ ಲೆಕ್ಕವನ್ನ ನಿನ್ನ ಮಾತಲ್ಲಿ ಹೇಳ್ತೀಯಾ ಅಂತ.

ನಿನ್ನ ಮಾತಲ್ಲಿ. ನಮ್ಮ ಮಕ್ಕಳು ಸಿಕ್ಕಿಬೀಳೋದು ಇಲ್ಲೇ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಪಿಯು ವಿಜ್ಞಾನಕ್ಕೆ ಸೇರಿದ ದಿನ ಪಾಠ ಹೆಚ್ಚಿನ ಕಡೆ ಇಂಗ್ಲಿಷಿಗೆ ತಿರುಗಿರುತ್ತೆ. ಆಕೆಗೆ ಗುಣಾಕಾರ ಬರುತ್ತೆ, ಸೂತ್ರ ಬಾಯಿಪಾಠ ಇರುತ್ತೆ. ಲೆಕ್ಕದ ವಾಕ್ಯ ಓದಿ ಅಲ್ಲಿ ಏನು ನಡೀತಿದೆ ಅಂತ ಕಣ್ಣಿಗೆ ಕಟ್ಟಿಕೊಳ್ಳೋದು ಮಾತ್ರ ಆಗಲ್ಲ. ಆಗ ಸೂತ್ರದಲ್ಲಿ ಸಂಖ್ಯೆ ತುಂಬಿಸೋದೊಂದೇ ದಾರಿ. ಅಂಕ ಬಂದರೂ ಬರಬಹುದು, ಘಾಟಿಯ ತಿರುವು ಮಾತ್ರ ಕಾಣಲ್ಲ.

ಗುಡ್ಡದ ಲೆಕ್ಕ

ಈಗ 2018ರ ಆಗಸ್ಟ್‌ಗೆ ಬರೋಣ. ಕಕ್ಕಡ ಮುಗಿಯುವ ಹೊತ್ತಿಗೆ ಕೊಡಗಿನಲ್ಲಿ ಮಳೆ ನಿಲ್ಲಲೇ ಇಲ್ಲ. ಜೋಡುಪಾಲ, ಮಕ್ಕಂದೂರು, ಮಾದಾಪುರ ಕಡೆ ಗುಡ್ಡಕ್ಕೆ ಗುಡ್ಡವೇ ಜಾರಿತು. ಮನೆ, ತೋಟ, ರಸ್ತೆ, ಜೀವ ಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು, ಅಲ್ಲೂ ಜೀವಗಳು ಹೋದವು.

ಆಗ ಎಲ್ಲರ ಬಾಯಲ್ಲೂ ಒಂದು ಮಾತು: ಮಣ್ಣು ನೀರು ಕುಡಿದು ಭಾರ ಆಯ್ತು, ಅದಕ್ಕೇ ಜಾರಿತು. ಇದು ಎಷ್ಟು ಸರಿ? ಪಿಯುಸಿಯ ಇಳಿಜಾರಿನ ಲೆಕ್ಕ ತಗೊಳ್ಳೋಣ. ಹಲಗೆ ಮೇಲೆ ಒಂದು ಮರದ ತುಂಡು, ಹಲಗೆಯ ಒಂದು ತುದಿ ಎತ್ತುತ್ತಾ ಹೋಗೋದು. ಎಲ್ಲರೂ ಬಿಡಿಸಿರೋ ಲೆಕ್ಕವೇ.

ತುಂಡಿನ ತೂಕವನ್ನ ಎರಡು ಭಾಗ ಮಾಡಿ. ಒಂದು ಭಾಗ ತುಂಡನ್ನ ಇಳಿಜಾರಿನ ಉದ್ದಕ್ಕೆ ಕೆಳಗೆ ಎಳೆಯುತ್ತೆ. ಇನ್ನೊಂದು ಭಾಗ ಅದನ್ನ ಹಲಗೆಗೆ ಒತ್ತಿ ಹಿಡಿಯುತ್ತೆ. ಆ ಒತ್ತು ಜಾಸ್ತಿ ಇದ್ದಷ್ಟೂ ಘರ್ಷಣೆ ಜಾಸ್ತಿ. ಈಗ ತುಂಡಿನ ಭಾರ ಎರಡು ಪಟ್ಟು ಮಾಡಿ. ಎಳೆತ ಎರಡು ಪಟ್ಟು ಆಯ್ತು, ಒತ್ತೂ ಎರಡು ಪಟ್ಟು ಆಯ್ತು, ಜೊತೆಗೆ ಘರ್ಷಣೆಯೂ. ಎರಡೂ ಕಡೆ ಭಾರ ಹೊಡೆದುಹೋಗುತ್ತೆ. ಉಳಿಯೋದು ಇಷ್ಟೇ: ಕೋನದ ಟ್ಯಾನ್ ಬೆಲೆ ಘರ್ಷಣಾಂಕವನ್ನ ಮುಟ್ಟಿದಾಗ ತುಂಡು ಜಾರುತ್ತೆ. ಘರ್ಷಣಾಂಕ 0.6 ಇದ್ದರೆ ಆ ಕೋನ ಸುಮಾರು 31 ಡಿಗ್ರಿ. ತುಂಡು ಒಂದು ಕೆಜಿ ಇರಲಿ, ಒಂದು ಟನ್ ಇರಲಿ, 31 ಡಿಗ್ರಿಯೇ.

ಹಾಗಾದ್ರೆ ಬರೀ ಭಾರದಿಂದ ಗುಡ್ಡ ಜಾರಲ್ಲ! ಮತ್ತೆ ನೀರು ಏನು ಮಾಡ್ತು?

ನೀರು ಮಣ್ಣಿನ ಕಣಗಳ ನಡುವೆ ಸೇರಿ ಅವನ್ನ ಒಳಗಿಂದ ಎತ್ತುತ್ತೆ. ಬಾವಿಯೊಳಗೆ ಕೊಡ ಹಗುರ ಅನ್ನಿಸುತ್ತಲ್ಲ, ಅದೇ ರೀತಿ. ಕಣ ಕಣವನ್ನ ಒತ್ತಿ ಹಿಡಿಯೋ ಬಲ ಕಮ್ಮಿ ಆಗುತ್ತೆ, ಅದರ ಜೊತೆ ಘರ್ಷಣೆ ಕಮ್ಮಿ ಆಗುತ್ತೆ. ಆದರೆ ಕೆಳಗೆ ಎಳೆಯೋ ಭಾಗಕ್ಕೆ ನೀರಿನ ತೂಕವೂ ಸೇರಿಕೊಳ್ಳುತ್ತೆ. ಸಡಿಲ ಮಣ್ಣು ಮೇಲಿನವರೆಗೆ ನೆನೆದು, ಒಳಗಿನ ನೀರು ಇಳಿಜಾರಿಗೆ ಸಮವಾಗಿ ಹರೀತಿದ್ದರೆ ಹಿಡಿತ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. 0.6 ಇದ್ದದ್ದು 0.3 ಇದ್ದ ಹಾಗೆ. ಕೋನ ಎಷ್ಟು? ಸುಮಾರು 17 ಡಿಗ್ರಿ.

ಅಂದ್ರೆ 25 ಡಿಗ್ರಿಯ ಒಂದು ಬಾಣೆ ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತಿರುತ್ತೆ. ಪೂರ್ತಿ ನೆನೆದ ದಿನ ಅದೇ ಬಾಣೆ ನಿಲ್ಲೋ ಮಿತಿ ದಾಟಿರುತ್ತೆ. ನಿಜವಾದ ಗುಡ್ಡದಲ್ಲಿ ಮರದ ಬೇರಿನ ಹಿಡಿತ, ಜೇಡಿಯ ಅಂಟು, ಕೆಳಗಿನ ಬಂಡೆಯ ಪದರ ಇವೆಲ್ಲ ಸೇರುತ್ತವೆ. ಹಾಗಾಗಿ ಎಲ್ಲ ಗುಡ್ಡವೂ ಜಾರಲ್ಲ. ಆದರೆ ಈ ಪುಟ್ಟ ಲೆಕ್ಕದಿಂದಲೇ ಮೂರು ವಿಷಯ ಗೊತ್ತಾಗುತ್ತೆ. ರಸ್ತೆಗೋ ಮನೆಗೋ ಹೋಂಸ್ಟೇಗೋ ಗುಡ್ಡದ ಬುಡ ನೆಟ್ಟಗೆ ಕಡಿದರೆ ಕೋನ ಏರುತ್ತೆ. ಮೇಲಿನ ನೀರು ಹೋಗೋ ಚರಂಡಿ ಮುಚ್ಚಿದರೆ ನೀರು ಮಣ್ಣೊಳಗೆ ಇಳಿದು ಹಿಡಿತ ಸಡಿಲಿಸುತ್ತೆ. ಮರ ಕಡಿದರೆ ಬೇರಿನ ಹಿಡಿತ ಹೋಗುತ್ತೆ.

ಮಳೆಗಾಲದಲ್ಲಿ ಮನೆಯ ಹಿಂದಿನ ಧರೆ ಮೇಲೆ ಹೊಸ ಬಿರುಕು ಕಂಡರೆ, ಮರವೋ ಲೈಟು ಕಂಬವೋ ವಾಲಿದರೆ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾಗಿ ಹರಿದರೆ, ಸಾಮಾನು ಕಟ್ಟೋಕೆ ನಿಲ್ಲಬೇಡಿ. ಮನೆಯವರನ್ನ, ಅಕ್ಕಪಕ್ಕದವರನ್ನ ಕರಕೊಂಡು ಹೊರಡಿ. ಹೊರಡೋವಾಗ ಪಕ್ಕದ ಲೈನ್‌ಮನೆಯವರಿಗೂ ಹೇಳಿ, ಅವರಿಗೆ ಅರ್ಥ ಆಗೋ ಮಾತಲ್ಲೇ ಹೇಳಿ.

ಬೆಳ್ಳಾವೆಯವರು 1918ರಲ್ಲಿ, ಜಿಟಿಎನ್ ಆಮೇಲೆ ಹಠ ಹಿಡಿದದ್ದು ಇಂಥ ಮಾತಿಗಾಗಿ ಅಂತ ನನಗೆ ಅನ್ನಿಸುತ್ತೆ. ಅವರಿಬ್ಬರೂ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲೇ ಪಾಠ ಮಾಡಿದವರು. ಇಂಗ್ಲಿಷ್ ಬೇಡ ಅನ್ನೋದು ಅವರ ವಾದ ಆಗಿರಲಿಲ್ಲ. ಇಳಿಜಾರಿನ ಲೆಕ್ಕ ಪರೀಕ್ಷೆ ಹಾಲ್‌ನಿಂದ ಮನೆಯ ಹಿತ್ತಲಿಗೆ ಬರಬೇಕಾದ್ರೆ, ಅಮ್ಮನ ಹತ್ತಿರ, ಅಜ್ಜನ ಹತ್ತಿರ ಅದನ್ನ ಮಾತಾಡೋಕೆ ಆಗಬೇಕು. ಕೊಡಗಿನಲ್ಲಿ ಅದು ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ನಡೆದರೆ ಇನ್ನೂ ಒಳ್ಳೇದು.

ನಿಮಗೊಂದು ಲೆಕ್ಕ

ಮುಗಿಸೋ ಮುಂಚೆ ಮನೆಗೆಲಸ. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು. ನಿಮ್ಮ ಮನೆಯ ಮಾಡು 100 ಚದರ ಮೀಟರ್ ಇದೆ, ಒಂದು ದಿನದಲ್ಲಿ 100 ಮಿಲಿಮೀಟರ್ ಮಳೆ ಬಂತು ಅನ್ಕೊಳ್ಳಿ. ಆ ಮಾಡಿನಿಂದ ಎಷ್ಟು ಟನ್ ನೀರು ಇಳಿಯಿತು? ಆ ನೀರು ನಿಮ್ಮ ಅಂಗಳದಿಂದ ಯಾವ ಕಡೆ ಹರಿದುಹೋಗುತ್ತೆ, ಯಾರ ಮನೆಯ ಮೇಲಿನ ಧರೆಗೆ ಹೋಗುತ್ತೆ?

ಮೊದಲನೆಯದಕ್ಕೆ ಉತ್ತರ 10 ಟನ್. ಎರಡನೆಯದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ಕೊಡೆ ಹಿಡ್ಕೊಂಡು ಹೊರಗೆ ಹೋಗಿ ನೋಡಬೇಕು. ನೋಡಿದ್ದನ್ನ ಒಂದು ಹಾಳೆಯಲ್ಲಿ ಚಿತ್ರ ಬರೆದು, ಮನೆಯವರಿಗೆ ತೋರಿಸಿ.